ಹದಿಮೂರನೇ ಪಾಳಿ

ನಮ್ಮಜ್ಜ ಟಪಾಲು ರನ್ನರ್ ಆಗಿದ್ದರು ಎಂಬುದು ನನಗೆ ಸರಿಯಾಗಿ ಗೊತ್ತಾದದ್ದು ನಲವತ್ತಾರನೇ ವಯಸ್ಸಿನಲ್ಲಿ, ಅಮ್ಮನ ಆಸ್ಪತ್ರೆ ಮಂಚದ ಪಕ್ಕ ಕೂತಿದ್ದಾಗ. ಅದಕ್ಕೆ ಮೊದಲು ಗೊತ್ತಿದ್ದದ್ದು ಇಷ್ಟೇ: ಅಜ್ಜ ‘ಪೋಸ್ಟಿನಲ್ಲಿ’ ಇದ್ದರು. ನಾನು ಪೋಸ್ಟ್‌ಮ್ಯಾನ್ ಅಂದುಕೊಂಡಿದ್ದೆ.

ನವೆಂಬರಿನಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಣ್ಣ ಫೋನ್ ಮಾಡಿ ಹೇಳುವಾಗ ಆಪರೇಷನ್ ಮುಗಿದಿತ್ತು. “ಮೊದಲೇ ಹೇಳಿದ್ರೆ ನೀನು ಅಲ್ಲಿ ಕೂತು ಎಂತ ಮಾಡ್ತಿದ್ದೆ ಮಾರಾಯ” ಅಂದ. ಹತ್ತು ದಿನ ರಜೆ ಹಾಕಿ ಹೋದೆ. ಅಡಿಕೆ ಕೊಯ್ಲಿನ ಕಾಲ. ಅಣ್ಣ ಹಗಲು ತೋಟದಲ್ಲಿ, ರಾತ್ರಿ ಅಡಿಕೆ ಬೇಯಿಸುವ ಒಲೆಯ ಮುಂದೆ. ಅತ್ತಿಗೆ ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದರು. ನಾನು ಹೋದ ಮೇಲೆ ಆಸ್ಪತ್ರೆಯ ಪಾಳಿ ನನಗೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅಮ್ಮನ ಹತ್ತಿರ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು.

ದೋಹಾದಲ್ಲಿ ನಾನು ಓಡುವ ವಿಷಯ ಅಮ್ಮನಿಗೆ ಗೊತ್ತಿತ್ತು. “ಯಾರು ಓಡಿಸ್ಕೊಂಡು ಬರ್ತಾರೆ ನಿನ್ನ?” ಎಂದು ಯಾವಾಗಲೂ ಕೇಳುತ್ತಿದ್ದರು. ಆ ದಿನ ಮಾತ್ರ, “ನಿನ್ನಜ್ಜನೂ ಓಡ್ತಿದ್ರು, ಆದ್ರೆ ಅವರಿಗೆ ಸಂಬಳ ಕೊಡ್ತಿದ್ರು” ಅಂದರು. ಕೊಪ್ಪದ ಕಡೆಯಿಂದ ಒಳಗಿನ ಊರುಗಳಿಗೆ ಬಸ್ಸಿಲ್ಲದ ಕಾಲ. ಟಪಾಲು ಚೀಲ ಬೆನ್ನಿಗೆ, ಕೈಯಲ್ಲಿ ಗಂಟೆ ಕಟ್ಟಿದ ಈಟಿ. ಅಜ್ಜ ಒಂದು ಹಳ್ಳದವರೆಗೆ ಓಡುವುದು. ಅಲ್ಲಿ ಇನ್ನೊಬ್ಬ ಕಾದಿರುತ್ತಾನೆ, ಚೀಲ ಅವನಿಗೆ ದಾಟಿಸಿ, ಆ ಕಡೆಯಿಂದ ಬಂದ ಚೀಲ ತೆಗೆದುಕೊಂಡು ವಾಪಸ್. “ಮಳೆಗಾಲದಲ್ಲಿ ಆಚೆಯವನು ಬರದಿದ್ರೆ?” ಕೇಳಿದೆ. “ಕಾಯೋದು. ಮತ್ತೆಂತ ಮಾಡೋದು? ಚೀಲ ಬಿಟ್ಟು ಬರ್ಲಿಕ್ಕೆ ಆಗ್ತದಾ?” ಅಂದರು ಅಮ್ಮ.

ಈಟಿ ಸರ್ಕಾರದ್ದು, ವಾಪಸ್ ಹೋಯಿತಂತೆ. ಕರುವಿನ ಕೊರಳಿಗೆ ಕಟ್ಟುವಷ್ಟು ಗಾತ್ರದ ಒಂದು ಹಿತ್ತಾಳೆ ಗಂಟೆ ಮಾತ್ರ ಮನೆಯಲ್ಲಿ ಉಳಿದಿತ್ತು. ದೇವರ ಮನೆಯ ಮೂಲೆಯಲ್ಲಿ ಎಣ್ಣೆಜಿಡ್ಡು ಹಿಡಿದು ಬಿದ್ದಿದ್ದ ಅದನ್ನು ನಾನು ಹೊರಡುವ ದಿನ ಅತ್ತಿಗೆ ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟರು.

ವಾಪಸ್ ಬಂದ ಮೇಲೆ ಸ್ವಲ್ಪ ಓದಿದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲೇ ಅಂಚೆ ವ್ಯವಸ್ಥೆ ಶುರುಮಾಡಿದ್ದರು. ಅದು 1889ರವರೆಗೆ ಸಂಸ್ಥಾನದ ಸ್ವಂತದ್ದಾಗಿ ನಡೆದು ಆಮೇಲೆ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿಹೋಯಿತು. ಅಂಚೆಯವರು ಬರೀ ಕಾಗದ ಸಾಗಿಸುತ್ತಿರಲಿಲ್ಲ, ದೊರೆಗೆ ಸುದ್ದಿಯನ್ನೂ ಮುಟ್ಟಿಸುತ್ತಿದ್ದರು. ಎಲ್ಲ ನಡೆಯುತ್ತಿದ್ದದ್ದು ಕಾಲಿನ ಮೇಲೆ, ಒಬ್ಬರಿಂದ ಒಬ್ಬರಿಗೆ. ಜಪಾನಿನವರು ‘ಎಕಿದೆನ್’ ಅಂತ ರಸ್ತೆ ರಿಲೇ ಓಡುತ್ತಾರಲ್ಲ, ಆ ಹೆಸರೂ ಅಂಚೆಯಂಥದ್ದೇ ಹಳೆಯ ವ್ಯವಸ್ಥೆಯಿಂದ ಬಂದದ್ದು. ‘ಎಕಿ’ ಅಂದರೆ ದಾರಿಯ ತಂಗುದಾಣ, ‘ದೆನ್’ ಅಂದರೆ ದಾಟಿಸುವುದು. 1917ರಲ್ಲಿ ಮೊದಲ ಸಲ ಕ್ಯೋಟೋದಿಂದ ಟೋಕಿಯೋಗೆ ಸುಮಾರು 508 ಕಿಲೋಮೀಟರ್ ಓಡಿದರು. ಅವರು ಕೋಲು ದಾಟಿಸುವುದಿಲ್ಲ, ಹೆಗಲಿನಿಂದ ಅಡ್ಡಲಾಗಿ ಹಾಕಿಕೊಂಡ ಒಂದು ಬಟ್ಟೆಯ ಪಟ್ಟಿ ದಾಟಿಸುತ್ತಾರೆ.

ನಾನು ಓಡಲು ಶುರುಮಾಡಿದ್ದಕ್ಕೆ ಇಂಥ ದೊಡ್ಡ ಇತಿಹಾಸವೇನೂ ಇಲ್ಲ. ಮೂರು ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಬಂತು, ಅಷ್ಟೇ. ನಾವಿರುವುದು ದೋಹಾದ ಅಲ್ ಹಿಲಾಲ್‌ನಲ್ಲಿ, ಹಳೆಯ ವಿಮಾನ ನಿಲ್ದಾಣಕ್ಕೆ ಹತ್ತಿರ. 2014ರಲ್ಲಿ ಹೊಸ ಹಮದ್ ನಿಲ್ದಾಣಕ್ಕೆ ವಿಮಾನಗಳು ಹೋಗುವವರೆಗೆ ಪಾತ್ರೆ ಅಲುಗುವಂತೆ ಸದ್ದು ಕೇಳುತ್ತಿತ್ತು. ನಿಂತ ಮೇಲೆ ಒಂದು ವಾರ ನಿದ್ದೆ ಬಂದಿರಲಿಲ್ಲ. ಕಚೇರಿಯಿಂದ ಬಂದು ವಿಲ್ಲಾಗಳ ನಡುವಿನ ಒಳರಸ್ತೆಗಳಲ್ಲಿ ಕಾರುಗಳ ಸಂದಿಯಲ್ಲಿ ಓಡುತ್ತಿದ್ದೆ. ಮಸೀದಿಯ ಮುಂದಿನ ಕಿರಾಣಿ ಅಂಗಡಿಯ ಮಲಯಾಳಿ ಕಾಕ, “ಏನಾಯ್ತು ಸಾರ್, ಎಮರ್ಜೆನ್ಸಿಯಾ?” ಎಂದು ಮೊದಲ ದಿನ ಹೊರಗೆ ಬಂದು ನೋಡಿದ್ದ. ಬೇಸಿಗೆಯಲ್ಲಿ ಇಲ್ಲಿ ಓಡುವುದು ಮೂರ್ಖತನ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವುದಕ್ಕೇ ಸರ್ಕಾರದ ನಿಷೇಧವಿದೆ. ಇನ್ನು ಹವ್ಯಾಸಕ್ಕೆ ಓಡುವವರ ಪಾಡು ಕೇಳಬೇಡಿ. ಓಡುವ ಕಾಲ ಚಳಿಗಾಲ. ಲೆಕ್ಕಿಗನಿಗೆ ಅದೇ ವರ್ಷಾಂತ್ಯದ ಕಾಲ. ಡಿಸೆಂಬರ್ 31ಕ್ಕೆ ಪುಸ್ತಕ ಮುಚ್ಚಿ, ಜನವರಿಯಲ್ಲಿ ಆಡಿಟರುಗಳಿಗೆ ಬಾಗಿಲು ತೆರೆದು ಕೂರಬೇಕು.

ಇಲ್ಲಿ ಚಳಿಗಾಲದಲ್ಲಿ ದೋಹಾದಿಂದ ಪಶ್ಚಿಮದ ದುಖಾನ್‌ವರೆಗೆ, ಅಂದರೆ ದೇಶದ ಈ ಕರಾವಳಿಯಿಂದ ಆ ಕರಾವಳಿಗೆ, ಸುಮಾರು 90 ಕಿಲೋಮೀಟರಿನ ಅಲ್ಟ್ರಾ ಓಟ ನಡೆಯುತ್ತದೆ. ಒಂದು ದೇಶವನ್ನು ಅಡ್ಡಲಾಗಿ ಒಂದು ದಿನದಲ್ಲಿ ದಾಟಿಬಿಡುವುದು! ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಓಡುವವರು ಹತ್ತಿ ಇಳಿಯುವ ಗುಡ್ಡಗಳ ಮುಂದೆ ಕತಾರಿನ ನೆಲ ತಟ್ಟೆ ಇದ್ದಂತೆ. ದೇಶದ ಅತಿ ಎತ್ತರದ ಜಾಗವೇ ಸುಮಾರು 103 ಮೀಟರ್. ಆದರೂ ಆ ಓಟದ ಸಮಯಕ್ಕೆ ನನಗೆ ಬಿಡುವಾಗಲಿಲ್ಲ. ನಮ್ಮ ಶುಕ್ರವಾರದ ಓಟದ ಗುಂಪಿನ ಉಳಿದವರಿಗೂ ಒಂದಲ್ಲ ಒಂದು ತಾಪತ್ರಯ. ಹಾಗಾಗಿ ಜನವರಿಯಲ್ಲಿ, ಒಂದು ಗುರುವಾರ ರಾತ್ರಿ, ನಮ್ಮಷ್ಟಕ್ಕೆ ನಾವೇ ರಿಲೇ ಓಡುವುದು ಎಂದಾಯಿತು. ಶುಕ್ರವಾರ ಇಲ್ಲಿ ರಜೆ. ಕಾರ್ನಿಶ್‌ನಲ್ಲಿ ಪೂರ್ವದ ಸಮುದ್ರ ಮುಟ್ಟಿ ಹೊರಟು ಪಶ್ಚಿಮದ ಝೆಕ್ರೀತ್ ಮರಳುಗಾಡಿನಲ್ಲಿ ಮುಗಿಸುವುದು.

ಐದು ಜನ. ಹುಬ್ಬಳ್ಳಿಯ ಇಂಜಿನಿಯರ್ ಸಾಹೇಬರು, ಮೊಬೈಲ್ ಅಂಗಡಿಯಲ್ಲಿರುವ ಭಟ್ಕಳದ ಹುಡುಗ, ನಾನು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕಾಸರಗೋಡಿನ ಅಕ್ಕ, ಕೊನೆಗೆ ಮೈಸೂರಿನ ಮೇಷ್ಟ್ರು. ಓಡುವ ಅನುಕ್ರಮವೂ ಇದೇ. ಜೊತೆಗೆ ಗಾಡಿ ಸಮೇತ ಉಪ್ಪಿನಂಗಡಿಯ ಬ್ಯಾರಿ ಗೆಳೆಯ. “ನಾನು ಓಡುವುದಿಲ್ಲ ಮಾರಾಯ್ರೆ, ಓಡಿಸ್ತೇನೆ” ಎಂದು ಮೊದಲೇ ಹೇಳಿದ್ದರು. ಎಕ್ಸೆಲ್ ಹಾಳೆ ನನ್ನ ಜವಾಬ್ದಾರಿ. 90 ಕಿಲೋಮೀಟರಿಗೆ ಆರಾರು ಕಿಲೋಮೀಟರಿನ ಹದಿನೈದು ಪಾಳಿ, ತಲೆಗೆ ಮೂರು. ಪಾಳಿಗೆ 48 ನಿಮಿಷ. ರಾತ್ರಿ 8ಕ್ಕೆ ಹೊರಟರೆ ಬೆಳಿಗ್ಗೆ 8ಕ್ಕೆ ಮುಕ್ತಾಯ. ನನ್ನವು ಮೂರು, ಎಂಟು ಮತ್ತು ಹದಿಮೂರನೇ ಪಾಳಿ. ಹಾಳೆ ನೋಡಿ ಹುಬ್ಬಳ್ಳಿಯವರು, “ಭಾರಿ ಟ್ಯಾಲಿ ಆಗೇತ್ರೀ. ಕಾಲಿಗೆ ಯಾರ್ ಹೇಳ್ತಾರ್ರೀ ಇದನ್ನ?” ಅಂದರು.

ಕೈಯಿಂದ ಕೈಗೆ ಏನು ದಾಟಿಸುವುದು ಎಂಬ ಪ್ರಶ್ನೆ ಬಂದಾಗ ನಾನು ಸಂಕೋಚದಿಂದಲೇ ಗಂಟೆ ತೆಗೆದೆ. ಒಂದು ಟೈಗೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಹಾಗೆ ಮಾಡಿದ್ದೆ. “ಏನ್ರೀ ಇದು, ದನಾ ಕಾಯಾಕ ಹೊಂಟೀವೇನ್ರೀ?” ಅಂದರೂ ಮೊದಲು ಹಾಕಿಕೊಂಡವರು ಹುಬ್ಬಳ್ಳಿಯವರೇ.

ಊರೊಳಗಿನ ಪಾಳಿಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಬೀದಿದೀಪ, ಕಾಲುದಾರಿ, ವಿಶ್ವಕಪ್ಪಿಗೆಂದು ಅಗಲವಾದ ರಸ್ತೆಗಳು. ನನ್ನ ಮೊದಲ ಪಾಳಿ ಲೆಕ್ಕಕ್ಕಿಂತ ಎರಡು ನಿಮಿಷ ಬೇಗ ಮುಗಿದು ನಾನು ಬೀಗಿದೆ. ಶಹಾನಿಯಾ ದಾಟುವಾಗ ನಡುರಾತ್ರಿ ಕಳೆದಿತ್ತು. ಅಲ್ಲಿನ ಒಂಟೆ ಓಟದ ಮೈದಾನವನ್ನು ಬೆಳಗಿನ ಹೊತ್ತು ನೋಡಬೇಕು: ಒಂಟೆಯ ಬೆನ್ನ ಮೇಲೆ ಪುಟ್ಟ ರೋಬೋಟು ಚಾಟಿ ಬೀಸುತ್ತಿರುತ್ತದೆ, ಪಕ್ಕದ ರಸ್ತೆಯಲ್ಲಿ ಕಾರಿನೊಳಗಿನಿಂದ ಮಾಲೀಕರು ಅದಕ್ಕೆ ಅಪ್ಪಣೆ ಕೊಡುತ್ತ ಹೋಗುತ್ತಾರೆ. ಮೊದಲು ಆ ಜಾಗದಲ್ಲಿ ಪುಟ್ಟ ಮಕ್ಕಳನ್ನು ಕೂರಿಸುತ್ತಿದ್ದರು; 2005ರ ಹೊತ್ತಿಗೆ ಅದನ್ನು ನಿಷೇಧಿಸಿ ರೋಬೋಟು ತಂದರು. ನಮ್ಮ ಹೊತ್ತಿಗೆ ಅಲ್ಲಿ ಕತ್ತಲೆ ಮತ್ತು ಒಂಟೆಯ ವಾಸನೆ ಮಾತ್ರ. ಗಾಡಿಯಲ್ಲಿ ಫ್ಲಾಸ್ಕಿನ ಕರಕ್ ಚಹಾ, ಖರ್ಜೂರ, ನಮ್ಮಾಕೆ ಕಟ್ಟಿಕೊಟ್ಟ ಚಿತ್ರಾನ್ನ. ಭಟ್ಕಳದ ಹುಡುಗ ಬೆಳಗಿನ ಜಾವ ಮೂರಕ್ಕೆ ಚಿತ್ರಾನ್ನ ತಿಂದು ಹೊಟ್ಟೆ ಹಿಡಿದುಕೊಂಡ ಕಥೆ ಅವನೇ ಬರೆಯಲಿ.

ಶಹಾನಿಯಾದ ಆಚೆ ಡಾಂಬರು ಬಿಟ್ಟು ಮಣ್ಣಿನ ಜಾಡು ಹಿಡಿದೆವು. ಮರಳುಗಾಡು ಅಂದರೆ ನಮ್ಮ ಊರಿನವರು ಅಲೆಅಲೆ ಮರಳು ಅಂದುಕೊಳ್ಳುತ್ತಾರೆ. ಅಂಥದ್ದು ಇಲ್ಲಿ ದಕ್ಷಿಣದಲ್ಲಿದೆ. ಪಶ್ಚಿಮಕ್ಕೆ ಹೋದರೆ ಗಟ್ಟಿ ನೆಲ, ಸುಣ್ಣಕಲ್ಲಿನ ಚೂರು, ಅಲ್ಲೊಂದು ಇಲ್ಲೊಂದು ಜಾಲಿಯಂಥ ಮುಳ್ಳುಗಿಡ. ಕಾಲಿಡುವ ಜಾಗ ನೋಡಿಕೊಂಡೇ ಓಡಬೇಕು. ತಲೆಗೆ ಕಟ್ಟಿದ ದೀಪದ ಬೆಳಕಿನ ವೃತ್ತದಾಚೆ ಏನೂ ಇಲ್ಲ. ಎಂಟನೇ ಪಾಳಿಯಲ್ಲಿ ನಾನು ಮೊದಲ ಸಲ ಗಂಟೆಯ ಸದ್ದು ಕೇಳಿಸಿಕೊಂಡೆ. ಊರಿನಲ್ಲಿ ಗಾಡಿಗಳ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಹೆಜ್ಜೆಗೊಂದು ಸಲ ಎದೆಯ ಮೇಲೆ ಟಿಣ್ ಅನ್ನುತ್ತದೆ. ಹೆಜ್ಜೆ ತಪ್ಪಿದರೆ ಅದೂ ತಪ್ಪುತ್ತದೆ. ಅಜ್ಜನ ಗಂಟೆ ಕಾಡುಪ್ರಾಣಿಗಳನ್ನು ಓಡಿಸುವುದಕ್ಕೆ, ಮುಂದೆ ಕಾದಿರುವವನಿಗೆ ಎದ್ದು ನಿಲ್ಲು ಅನ್ನುವುದಕ್ಕೆ ಇತ್ತಂತೆ. ಕಾಸರಗೋಡಿನ ಅಕ್ಕ ನನ್ನನ್ನು ನೋಡುವ ಮೊದಲೇ ಸದ್ದು ಕೇಳಿ ಲೇಸು ಕಟ್ಟಿಕೊಂಡು ನಿಂತಿದ್ದರು.

ನನ್ನ ಪಾಳಿ ಮುಗಿದ ಮೇಲೆ ಗಾಡಿಯ ಹಿಂದಿನ ಸೀಟಿನಲ್ಲಿ ಮುದುಡಿ ನಿದ್ದೆಹೋದೆ. ಐದೂವರೆ ದಾಟಿ ಎಬ್ಬಿಸಿದಾಗ ಹೊರಗೆ ಏನೂ ಕಾಣಲಿಲ್ಲ. ಮಂಜು. ಇಲ್ಲಿ ಚಳಿಗಾಲದ ಕೆಲವು ಬೆಳಗುಗಳಲ್ಲಿ ಸಮುದ್ರದ ತೇವ ನೆಲಕ್ಕೆ ಇಳಿದು ದಟ್ಟ ಮಂಜು ಕವಿಯುತ್ತದೆ. ಒಂದು ಕ್ಷಣ ಕೊಪ್ಪದಲ್ಲಿ ಎದ್ದ ಹಾಗಾಯಿತು. ಫೋನ್ ನೋಡಿದೆ. ಅಣ್ಣನ ಎರಡು ಮಿಸ್ಡ್ ಕಾಲ್. ಊರಿನಲ್ಲಿ ಆಗ ಎಂಟು ಗಂಟೆ ದಾಟಿತ್ತು. ಅಣ್ಣ ಸುಮ್ಮನೆ ಫೋನ್ ಮಾಡುವವನಲ್ಲ.

ಅಷ್ಟರಲ್ಲಿ ಭಟ್ಕಳದ ಹುಡುಗ ಏದುಸಿರು ಬಿಡುತ್ತ ಬಂದೇ ಬಿಟ್ಟ. ಸದ್ದೇ ಕೇಳಿಸಲಿಲ್ಲ. ಟೈ ನನ್ನ ಕೊರಳಿಗೆ ಹಾಕಿದ, ಬೆನ್ನು ತಟ್ಟಿದ. ಆರು ಕಿಲೋಮೀಟರ್, ಮುಕ್ಕಾಲು ಗಂಟೆ. ಬಂದು ಮಾತಾಡಿದರಾಯಿತು ಅಂದುಕೊಂಡು ಫೋನ್ ಅನ್ನು ಚೀಲದೊಳಗೆ ತುರುಕಿ ಹೊರಟೆ. ಮರೆತದ್ದಲ್ಲ. ಆಗಲೇ ಮಾತಾಡಿದರೆ ಏನು ಕೇಳಬೇಕಾಗುತ್ತದೋ ಎಂಬ ಭಯ. ಇದನ್ನು ಇಲ್ಲಿ ಬರೆಯುವುದು ಬೇಡ ಎಂದು ನಮ್ಮಾಕೆ ಹೇಳಿದಳು.

ಬ್ಯಾರಿ ಗೆಳೆಯರು ಪ್ರತಿ ಕಿಲೋಮೀಟರಿಗೆ ಒಂದು ಹೊಳೆಯುವ ಕಡ್ಡಿ ನೆಟ್ಟು ಮುಂದೆ ಹೋಗಿದ್ದರು. ಎರಡು ಕಂಡೆ. ಮೂರನೆಯದು ಕಾಣಲಿಲ್ಲ. ನೆಲದಲ್ಲಿ ಗಾಡಿಯ ಜಾಡು ಸ್ಪಷ್ಟವಾಗಿತ್ತು, ಅದನ್ನೇ ಹಿಡಿದು ಓಡಿದೆ. ಮರಳುಗಾಡಿನಲ್ಲಿ ಜಾಡು ಇಲ್ಲದೆ ದಾರಿ ತಪ್ಪುವುದಿಲ್ಲ, ಜಾಡು ಹೆಚ್ಚಾಗಿ ದಾರಿ ತಪ್ಪುತ್ತದೆ. ವಾರಾಂತ್ಯಕ್ಕೆ ಬಂದವರೆಲ್ಲ ಅಡ್ಡಾದಿಡ್ಡಿ ಓಡಿಸಿದ ಟೈರಿನ ಗುರುತುಗಳು; ಅದರಲ್ಲಿ ನಮ್ಮದು ಯಾವುದು? ಅರ್ಧ ಗಂಟೆಯ ಮೇಲೆ ಒಂದು ಸುಣ್ಣಕಲ್ಲಿನ ದಿಬ್ಬದ ಬುಡಕ್ಕೆ ಬಂದು ನಿಂತೆ. ಜಾಡು ಅಲ್ಲಿ ಒಂದು ಸುತ್ತು ಹೊಡೆದು ಬಂದ ದಾರಿಗೇ ವಾಪಸ್ ಹೋಗಿತ್ತು. ಯಾರೋ ಮೋಜಿಗೆ ಗಾಡಿ ತಿರುಗಿಸಿದ್ದಾರೆ.

ಸೂರ್ಯ ಹುಟ್ಟಿರಬೇಕು, ಮಂಜು ಬೂದು ಬಣ್ಣದಿಂದ ಬಿಳಿಯಾಯಿತು. ದಿಕ್ಕು ಮಾತ್ರ ತಿಳಿಯಲಿಲ್ಲ. ಗಂಟೆ ಬಾರಿಸೋಣ ಅಂತ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ತಿರುಗಿಸಿ ನೋಡಿದರೆ ಒಳಗೆ ಟಿಶ್ಯೂ ಪೇಪರ್ ತುರುಕಿದೆ! (“ತಲೆನೋವು ಬಂತು ಸಾರ್, ತೆಗೆಯೋದು ಮರೆತುಹೋಯ್ತು” ಎಂದ ಹುಡುಗ ಆಮೇಲೆ.) ಬೆವರಿಗೆ ನೆಂದು ಮುದ್ದೆಯಾಗಿದ್ದ ಅದನ್ನು ಕಿರುಬೆರಳಲ್ಲಿ ಕಿತ್ತು ತೆಗೆದು ಬಾರಿಸಿದೆ. ಕೂಗಿದೆ. ಮತ್ತೆ ಬಾರಿಸಿದೆ. ಗಡಿಯಾರದಲ್ಲಿ ಏಳು. ಅಣ್ಣನ ಎರಡು ಕರೆಗಳು ಎರಡು ಮಾತ್ರವಾಗಿ ಉಳಿದಿರಲಿಕ್ಕಿಲ್ಲ ಅನ್ನಿಸತೊಡಗಿತು. ಅಮ್ಮನಿಗೆ ಏನೋ ಆಗಿದೆ. ಫೋನ್ ಚೀಲದೊಳಗೆ ಹೊಡೆದುಕೊಳ್ಳುತ್ತಿದೆ. ನಾನು ಕೊರಳಿಗೆ ಗಂಟೆ ಕಟ್ಟಿಕೊಂಡು ಇಲ್ಲಿ ನಿಂತಿದ್ದೇನೆ. ವಿಮಾನ ಎಷ್ಟು ಹೊತ್ತಿಗೆ ಇದೆ, ಬೆಂಗಳೂರಿನಿಂದ ರಾತ್ರಿ ಬಸ್ಸು ಸಿಕ್ಕೀತೇ, ಅಷ್ಟರವರೆಗೆ ಇಡುತ್ತಾರೆಯೇ ಎಂದೆಲ್ಲ ಲೆಕ್ಕ ಹಾಕಿದೆ. ಆ ಲೆಕ್ಕ ನನ್ನ ತಲೆಯಲ್ಲಿ ಎಷ್ಟು ಸರಾಗವಾಗಿ ಓಡಿತೆಂದರೆ, ಎಷ್ಟೋ ವರ್ಷದಿಂದ ಅದನ್ನು ಅಭ್ಯಾಸ ಮಾಡಿಟ್ಟುಕೊಂಡ ಹಾಗಿತ್ತು. ಗಲ್ಫಿನಲ್ಲಿರುವ ಯಾರನ್ನು ಬೇಕಾದರೂ ಕೇಳಿ, ಎಲ್ಲರಿಗೂ ಆ ಲೆಕ್ಕ ಬಾಯಿಪಾಠ.

ಗಂಟೆಗೆ ಉತ್ತರವಾಗಿ ಬಂದದ್ದು ಒಂಟೆ. ಮಂಜಿನೊಳಗಿಂದ ಮೊದಲು ಕತ್ತು, ಆಮೇಲೆ ಉಳಿದದ್ದು. ಹಿಂದೆ ಇನ್ನೂ ನಾಲ್ಕೈದು, ಅವುಗಳ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ. ಜೋಧಪುರದ ಕಡೆಯವನು. ನನ್ನ ಚಡ್ಡಿ, ತಲೆಯ ದೀಪ, ಕೊರಳಿನ ಗಂಟೆ ಎಲ್ಲವನ್ನೂ ಸಾವಧಾನವಾಗಿ ನೋಡಿದ. ದೋಹಾದಿಂದ ಓಡಿ ಬಂದಿದ್ದೇವೆ ಎಂದೆ.

“ದುಡ್ಡು ಕೊಡ್ತಾರಾ?” ಹಿಂದಿಯಲ್ಲಿ ಕೇಳಿದ.

“ಇಲ್ಲ.”

ಮತ್ತೇನೂ ಕೇಳಲಿಲ್ಲ. ದಿಬ್ಬದ ಆಚೆಗೆ ಕೋಲು ತೋರಿಸಿ, “ಅಲ್ಲೊಂದು ಗಾಡಿ ಅರ್ಧ ಗಂಟೆಯಿಂದ ಹಾರ್ನ್ ಹೊಡೀತಾ ಇದೆ. ನಿಮ್ಮದೇನಾ? ನನ್ನ ಒಂಟೆ ಬೆದರುತ್ತಿವೆ” ಅಂದ. ದಿಬ್ಬ ಅಡ್ಡವಾಗಿ ನನಗೆ ಕೇಳಿಸಿರಲಿಲ್ಲ. ಅವನೇ ದಿಬ್ಬ ಬಳಸಿ ಜಾಡಿನವರೆಗೆ ಬಂದ. ಊರಿಗೆ ಹೋಗಿ ಎಷ್ಟು ಸಮಯವಾಯಿತು ಎಂದು ಕೇಳಿದೆ. ನಾಲ್ಕು ವರ್ಷ ಅಂದ. ಅಲ್ಲಿಂದ ನನಗೂ ಹಾರ್ನ್ ಕೇಳಿಸಿತು.

ಕಾಸರಗೋಡಿನ ಅಕ್ಕ ಗಾಡಿಯೊಳಗೆ ಕೂತಿರಲಿಲ್ಲ. ಒಂದು ಗಂಟೆಯಿಂದ ಆ ಚಳಿಯಲ್ಲಿ ಹೊರಗೆ ನಿಂತು, ಕಾಲು ಮರಗಟ್ಟದ ಹಾಗೆ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ವಾರವಿಡೀ ರಾತ್ರಿ ಡ್ಯೂಟಿ ಮುಗಿಸಿ ಬಂದವರು. “ನೀವು ಹೊರಟುಬಿಡಬೇಕಿತ್ತು ಅಕ್ಕ, ನನಗೋಸ್ಕರ ಯಾಕೆ ನಿಂತಿರಿ” ಅಂದೆ. ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. “ಎಂತ ಮಾತು ಇದು? ನೀವು ಬಾರದೆ ನಾನು ಹೋಗುವುದು ಹೇಗೆ?” ಎಂದು ನನ್ನ ಕೊರಳಿನಿಂದ ಟೈ ಎಳೆದುಕೊಂಡು ಓಡಿದರು.

ಫೋನ್ ತೆಗೆದೆ. ಮಿಸ್ಡ್ ಕಾಲ್ ಎರಡೇ ಇದ್ದವು. ಮಾಡಿದೆ.

“ಎಂತ, ಮಲಗಿದ್ಯಾ?” ಅಂದ ಅಣ್ಣ.

ಅಮ್ಮ ವಾಕರ್ ಹಿಡಿದು ಜಗಲಿಯವರೆಗೆ ಬಂದು ಕಾಫಿ ಕುಡಿದರಂತೆ. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: ಫೆಬ್ರವರಿಯಲ್ಲಿ ಊರಿನವರು ಒಂದಷ್ಟು ಜನ ಕಾಶಿಗೆ ಹೊರಟಿದ್ದಾರೆ. ಅತ್ತಿಗೆಗೆ ಆಸೆ. ಅಡಿಕೆಯೂ ಅಷ್ಟರಲ್ಲಿ ಮುಗಿದಿರುತ್ತದೆ. “ಹತ್ತು ದಿನ. ನಿಂಗೆ ಬರ್ಲಿಕ್ಕೆ ಆಗ್ತದಾ? ನಾವಿಬ್ರೂ ಒಟ್ಟಿಗೆ ಎಲ್ಲಿಗೂ ಹೋಗದೆ ಆರು ವರ್ಷ ಆಯ್ತು.”

ಫೆಬ್ರವರಿ ಅಂದರೆ ಆಡಿಟ್ ಮುಗಿಯುವ ತಿಂಗಳು. “ನೋಡ್ತೀನಿ ಅಣ್ಣ, ಆಡಿಟ್ ಒಂದು ಮುಗೀಲಿ” ಅಂದೆ. ಇಪ್ಪತ್ತೆರಡು ವರ್ಷದಿಂದ ನನ್ನ ಬಾಯಿಗೆ ತಾನಾಗಿ ಬರುವ ಉತ್ತರ ಅದು.

“ಹೂಂ” ಅಂದ ಅಣ್ಣ. ಅವನೂ ಇಪ್ಪತ್ತೆರಡು ವರ್ಷದಿಂದ ಅದನ್ನೇ ಅನ್ನುತ್ತಾನೆ.

ಎಂಟೂವರೆಗೆ ಮಂಜು ಕರಗಿತು. ಕೊನೆಯ ಪಾಳಿ ಮೇಷ್ಟ್ರದು. ಕೊನೆಯ ಒಂದು ಕಿಲೋಮೀಟರ್ ಎಲ್ಲರೂ ಜೊತೆಗೆ ಓಡಿದೆವು. ಅಲ್ಲಿ ಬಯಲಿನಲ್ಲಿ ನಾಲ್ಕು ಉಕ್ಕಿನ ಹಲಗೆಗಳು ನಿಂತಿವೆ. ರಿಚರ್ಡ್ ಸೆರ್ರಾ ಎಂಬ ಅಮೆರಿಕದ ಶಿಲ್ಪಿ 2014ರಲ್ಲಿ ನಿಲ್ಲಿಸಿದ್ದು. ಒಂದು ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ ಒಂದರಾಚೆ ಒಂದು. ಹದಿನಾಲ್ಕು ಮೀಟರಿಗಿಂತ ಹೆಚ್ಚು ಎತ್ತರ. ನೆಲ ಏರಿಳಿದರೂ ನಾಲ್ಕರ ತಲೆಯೂ ಒಂದೇ ಮಟ್ಟದಲ್ಲಿರುವಂತೆ ಅಳೆದು ನೆಟ್ಟಿದ್ದಾರೆ. ಶಿಲ್ಪದ ಹೆಸರೇ ‘ಪೂರ್ವ-ಪಶ್ಚಿಮ/ಪಶ್ಚಿಮ-ಪೂರ್ವ’. ಉಪ್ಪುಗಾಳಿಗೆ ತುಕ್ಕು ಹಿಡಿದು ನಮ್ಮ ಊರಿನ ಹಳೇ ಗೇಟಿನ ಬಣ್ಣ ಬಂದಿದೆ. “ಇಷ್ಟ್ ಕಬ್ಬಿಣದಾಗ ನಾಕ್ ಮನಿ ಕಟ್ಟಬಹುದಿತ್ರೀ” ಅಂದರು ಹುಬ್ಬಳ್ಳಿಯವರು, ಹಲಗೆಗೆ ಬೆನ್ನು ಕೊಟ್ಟು ಕೂರುತ್ತ. ಒಂಬತ್ತೂ ಕಾಲು. ಹಾಳೆಯ ಲೆಕ್ಕಕ್ಕಿಂತ ಒಂದು ಗಂಟೆ ಹದಿನೈದು ನಿಮಿಷ ತಡ. ಅದರಲ್ಲಿ ಒಂದು ಗಂಟೆ ನನ್ನ ಖಾತೆಗೆ. ಬ್ಯಾರಿ ಗೆಳೆಯರು ಉಳಿದ ಕರಕ್ ಅನ್ನು ಆರು ಲೋಟಕ್ಕೆ ಹಂಚಿದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಕ್ಕ ಮಾತ್ರ ಚಹಾ ಕುಡಿಯುತ್ತ, “ಮನೆಯಲ್ಲಿ ಎಂತಾದರೂ ಉಂಟಾ? ಫೋನ್ ಮಾಡುವಾಗ ಮುಖ ಸರಿ ಇರಲಿಲ್ಲ” ಅಂದರು. ಹೇಳಿದೆ. ಅವರು ಲೋಟದ ತಳದ ಸಕ್ಕರೆ ಅಲ್ಲಾಡಿಸುತ್ತ, “ಆರು ವರ್ಷ ಅಂದರೆ ತುಂಬ ಆಯಿತಲ್ಲ” ಅಂದರು. ಅಷ್ಟೇ.

ಭಾನುವಾರ ಕಚೇರಿಯಲ್ಲಿ ಫೆಬ್ರವರಿಗೆ ಹನ್ನೆರಡು ದಿನದ ರಜೆ ಕೇಳಿದೆ. ನಮ್ಮ ಮೇಲಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಆಡಿಟ್ ನಡುವೆ ಫೈನಾನ್ಸ್ ಮ್ಯಾನೇಜರ್ ರಜೆ ಕೇಳುವುದೆಂದರೆ ಮದುವೆ ಮನೆಯಲ್ಲಿ ಪುರೋಹಿತ ರಜೆ ಕೇಳಿದ ಹಾಗೆ. ಸಹಿ ಹಾಕಿದರು, ಆದರೆ ಆ ವರ್ಷದ ಬೋನಸ್ಸಿನಲ್ಲಿ ಅದರ ಛಾಯೆ ಇತ್ತು.

ಅಣ್ಣ ಹೊರಡುವ ದಿನ ಬೆಳಿಗ್ಗೆ ಹೊಸ ಪ್ಯಾಂಟು ಹಾಕಿಕೊಂಡು ಜಗಲಿಯಲ್ಲಿ ನಿಂತಿದ್ದ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅಮ್ಮನ ಮಾತ್ರೆಗಳ ಪಟ್ಟಿ ಬರೆದಿಟ್ಟಿದ್ದ: ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ, ಫಿಸಿಯೋ ಮಾಡುವ ಹುಡುಗ ಯಾವ ದಿನ ಬರುತ್ತಾನೆ, ಹಾಲಿನವನ ಬಾಕಿ ಎಷ್ಟು. ಅದನ್ನು ನನ್ನ ಕೈಗೆ ಕೊಟ್ಟು, ಮತ್ತೆ ತೆಗೆದುಕೊಂಡು ಒಂದು ಸಾಲು ಸೇರಿಸಿ, ಮತ್ತೆ ಕೊಟ್ಟ. ಜೀಪು ಹಾರ್ನ್ ಹೊಡೆಯಿತು. ಅತ್ತಿಗೆ ಆಗಲೇ ಹತ್ತಿ ಕೂತಿದ್ದರು.

“ರಾತ್ರಿ ಬಚ್ಚಲಿಗೆ ಹೋಗುವಾಗ ಒಬ್ರೇ ಹೋಗ್ತಾರೆ ಅಮ್ಮ, ಕರೆಯೋದಿಲ್ಲ. ನಿಂಗೆ ಎಚ್ಚರ ಇರ್ಬೇಕು” ಅಂದ ಮೆಟ್ಟಿಲಿಳಿಯುತ್ತ.

ಆ ರಾತ್ರಿ ಅಮ್ಮನ ವಾಕರಿಗೆ ಗಂಟೆ ಕಟ್ಟೋಣ ಅಂತ ಹುಡುಕಿದೆ. ಅದು ಅಲ್ ಹಿಲಾಲ್‌ನ ಮನೆಯಲ್ಲಿ, ಮೇಜಿನ ಖಾನೆಯಲ್ಲೇ ಉಳಿದಿತ್ತು. ಎರಡು ಸ್ಟೀಲ್ ಚಮಚ ಕಟ್ಟಿದೆ. ಅಮ್ಮ ಬೈದರು, ಆದರೆ ಬಿಚ್ಚಲಿಲ್ಲ. ಒಂದೂವರೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಚಮಚದ ಸದ್ದಾಯಿತು.